ಆಡುವವರೇ ಕಮ್ಮಿ ಇದ್ದಾಗ ಒಲಿಂಪಿಕ್ಸ್ ಯಾಕೆ?

ಪ್ರಶ್ನೆ: ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾರ್ಡಿಕ್ ಕಂಬೈನ್ಡ್ ಅನ್ನೋ ಒಂದು ಆಟದಲ್ಲಿ ಮಾತ್ರ ಹೆಂಗಸರಿಗೆ ಇನ್ನೂ ಜಾಗ ಸಿಕ್ಕಿಲ್ಲವಂತೆ. ಆಡುವ ಹೆಂಗಸರೇ ಕಮ್ಮಿ ಅನ್ನೋದು ಒಲಿಂಪಿಕ್ಸ್ ನಡೆಸುವ ಸಮಿತಿಯವರು ಕೊಡುವ ಕಾರಣ. ಅದು ಸರಿಯಾದ ಕಾರಣವೇ ಅಲ್ವಾ? ಮೊದಲು ಸಂಖ್ಯೆ ಹೆಚ್ಚಲಿ, ಆಮೇಲೆ ಸೇರಿಸಿಕೊಳ್ಳಲಿ.

ಉತ್ತರ: ಕೇಳೋಕೆ ನ್ಯಾಯವಾಗಿಯೇ ಇದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಇದೇ ಮಾತನ್ನು ಹಿಂದೆ ಸ್ಕೀ ಜಂಪಿಂಗ್ ವಿಷಯದಲ್ಲೂ ಹೇಳಿದ್ದರು. ಅಲ್ಲಿ ಏನಾಯಿತು ಅಂತ ನೋಡಿದ ಮೇಲೆ ಈ ಲೆಕ್ಕದ ಮೇಲೆ ನನಗೆ ನಂಬಿಕೆ ಹೋಯಿತು.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಸ್ಕೀ ಜಂಪಿಂಗ್‌ನಲ್ಲಿ ಕಾಲಿಗೆ ಸ್ಕೀ ಅನ್ನೋ ಉದ್ದದ ಪಟ್ಟಿಗಳನ್ನು ಕಟ್ಟಿಕೊಂಡು ಎತ್ತರದ ಇಳಿಜಾರಿನಲ್ಲಿ ಜಾರಿ ಬಂದು, ತುದಿಯಲ್ಲಿ ಚಿಮ್ಮಿ, ಗಾಳಿಯಲ್ಲಿ ತೇಲಿ ದೂರ ಹೋಗಿ ಇಳಿಯಬೇಕು. ನಾರ್ಡಿಕ್ ಕಂಬೈನ್ಡ್‌ನಲ್ಲಿ ಈ ಹಾರಾಟದ ಜೊತೆಗೆ ಹಿಮದ ಮೇಲೆ ಸ್ಕೀ ಓಟವೂ ಇರುತ್ತದೆ. ಸಾಮಾನ್ಯವಾಗಿ ಗಂಡಸರಿಗೆ 10 ಕಿ.ಮೀ., ಹೆಂಗಸರಿಗೆ 5 ಕಿ.ಮೀ. ಹಾರಾಟದಲ್ಲಿ ಮುಂದಿದ್ದವರು ಓಟವನ್ನು ಮೊದಲು ಶುರು ಮಾಡುತ್ತಾರೆ. ಹಿಂದೆ ಬಿದ್ದವರು ಅಂಕಗಳ ಅಂತರಕ್ಕೆ ತಕ್ಕಷ್ಟು ಸೆಕೆಂಡ್ ಕಾದು ಹೊರಡಬೇಕು. ಕೊನೆಯ ಗೆರೆಯನ್ನು ಮೊದಲು ದಾಟಿದವರೇ ಗೆದ್ದಂತೆ. ಚೆನ್ನಾಗಿ ಹಾರಿದವರನ್ನು ಚೆನ್ನಾಗಿ ಓಡುವವರು ಅಟ್ಟಿಸಿಕೊಂಡು ಬರುವುದನ್ನು ನೋಡೋದೇ ಒಂದು ಮಜಾ.

ಗಂಡಸರಿಗೆ ಈ ಎರಡೂ ಆಟ 1924ರ ಶಾಮೊನಿ ಕೂಟದಿಂದಲೇ ಇವೆ. ಅಂದರೆ ಚಳಿಗಾಲದ ಒಲಿಂಪಿಕ್ಸ್ ಹುಟ್ಟಿದಾಗಿನಿಂದ. ಹೆಂಗಸರಿಗೆ ಸ್ಕೀ ಜಂಪಿಂಗ್ ಸಿಕ್ಕಿದ್ದು 2014ರಲ್ಲಿ, ಸೋಚಿಯಲ್ಲಿ. 90 ವರ್ಷ ಕಾದ ಮೇಲೆ.

ಅಲ್ಲಿಯವರೆಗೆ ಅವರು ಹಾರುತ್ತಿರಲಿಲ್ಲವೇ? ಹಾರುತ್ತಿದ್ದರು. ಆಸ್ಟ್ರಿಯಾದ ಪೌಲಾ ಲಾಂಬರ್ಗ್ 1911ರಲ್ಲಿ ಉದ್ದ ಲಂಗ ತೊಟ್ಟುಕೊಂಡೇ 22 ಮೀಟರ್ ಹಾರಿದ್ದರು. ನಾರ್ವೆಯ ಯೊಹಾನ್ನೆ ಕೋಲ್‌ಸ್ಟಾಡ್ 1938ರಲ್ಲಿ ಅಮೆರಿಕದಲ್ಲಿ 72 ಮೀಟರ್ ಹಾರಿದರು. ಆಸ್ಟ್ರಿಯಾದವರೇ ಆದ ಡಾನಿಯೆಲಾ ಇರಾಶ್ಕೊ 2003ರಲ್ಲಿ 200 ಮೀಟರ್ ಮುಟ್ಟಿದರು. ಇದಾಗಿ ಎರಡು ವರ್ಷಕ್ಕೆ, 2005ರಲ್ಲಿ, ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಧ್ಯಕ್ಷ ಜಾನ್ ಫ್ರಾಂಕೊ ಕಾಸ್ಪರ್ ಒಂದು ಮಾತು ಹೇಳಿದರು. ವೈದ್ಯಕೀಯವಾಗಿ ನೋಡಿದರೆ ಈ ಆಟ ಹೆಂಗಸರಿಗೆ ಒಗ್ಗುವಂಥದ್ದಲ್ಲ ಅಂತ. 200 ಮೀಟರ್ ಹಾರಿ ಇಳಿದವರು ಕಣ್ಣೆದುರಿಗೇ ಇದ್ದರು. ನೋಡಿ ಹೇಳಿದ ಮಾತೋ, ಸುಮ್ನೆ ಹೇಳಿದ ಮಾತೋ!

ಮೈಗೆ ಆಗದು ಅನ್ನೋ ಮಾತು ಜಾಸ್ತಿ ದಿನ ನಡೆಯಲಿಲ್ಲ. ಅದರ ಜಾಗಕ್ಕೆ ಬಂದದ್ದೇ ನೀವು ಹೇಳುವ ಸಂಖ್ಯೆಯ ಮಾತು. ಕೆನಡಾದಲ್ಲಿ ನಡೆಯಬೇಕಿದ್ದ 2010ರ ವ್ಯಾಂಕೂವರ್ ಕೂಟಕ್ಕೆ ಹೆಂಗಸರ ಸ್ಕೀ ಜಂಪಿಂಗ್ ಸೇರಿಸಿ ಅಂತ ಕೇಳಿದರೆ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2006ರಲ್ಲಿ ಆಗಲ್ಲ ಅಂದಿತು. ಆಡುವವರು ಕಮ್ಮಿ, ದೇಶಗಳು ಕಮ್ಮಿ, ವಿಶ್ವ ಚಾಂಪಿಯನ್‌ಶಿಪ್ ಕೂಡ ಇನ್ನೂ ನಡೆದಿಲ್ಲ ಅಂತ. ಅದೇ ಸಭೆಯಲ್ಲಿ ಸ್ಕೀ ಕ್ರಾಸ್ ಅನ್ನೋ ಹೊಸ ಆಟಕ್ಕೆ ಒಪ್ಪಿಗೆ ಸಿಕ್ಕಿತು.

ಆಟಗಾರ್ತಿಯರು ಕೆನಡಾದ ಕೋರ್ಟಿಗೆ ಹೋದರು. ನನಗೆ ಇಡೀ ಕಥೆಯಲ್ಲಿ ತುಂಬಾ ಮುಖ್ಯ ಅನಿಸುವುದು ಇದೇ. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಾಧೀಶೆ 2009ರಲ್ಲಿ ತೀರ್ಪು ಕೊಟ್ಟರು. ಇದು ತಾರತಮ್ಯವೇ ಹೌದು, ಆದರೆ ಒಲಿಂಪಿಕ್ ಸಮಿತಿಗೆ ಕೆನಡಾದ ಹಕ್ಕುಗಳ ಕಾನೂನು ತಾಗುವುದಿಲ್ಲ, ಯಾವ ಆಟ ಇರಬೇಕು ಅಂತ ತೀರ್ಮಾನಿಸುವ ಅಧಿಕಾರ ಸ್ಥಳೀಯ ಸಂಘಟಕರಿಗಿಲ್ಲ ಅಂತ. ಅದೇ ತೀರ್ಪಿನಲ್ಲಿ ಇನ್ನೊಂದು ಅಂಶವೂ ಹೊರಬಿತ್ತು. ಹೆಂಗಸರಿಗೆ ಹಾಕಿದ ಅಳತೆಗೆ ಗಂಡಸರ ಸ್ಕೀ ಜಂಪಿಂಗ್ ಕೂಡ ನಿಲ್ಲುತ್ತಿರಲಿಲ್ಲ. ಹಳೆಯ ಸಂಪ್ರದಾಯ ಅನ್ನೋ ಕಾರಣಕ್ಕೆ ಅದು ಉಳಿದುಕೊಂಡಿತ್ತು. ಅಂದರೆ ಗಂಡಸರ ತಲೆ ಎಣಿಸಲೇ ಇಲ್ಲ, ಎಣಿಸಿದ್ದು ಹೆಂಗಸರದ್ದು ಮಾತ್ರ.

ತಮಾಷೆ ನೋಡಿ. ವ್ಯಾಂಕೂವರ್ ಕೂಟಕ್ಕಾಗಿ ವಿಸ್ಲರ್‌ನಲ್ಲಿ ಕಟ್ಟಿದ ಎರಡು ಹಾರಾಟದ ಇಳಿಜಾರುಗಳಲ್ಲಿ ಚಿಕ್ಕದರ ಮೇಲೆ ಅತಿ ದೂರ ಹಾರಿದ ದಾಖಲೆ, ಗಂಡಸರನ್ನೂ ಸೇರಿಸಿ, ಆಗ ಇದ್ದದ್ದು ಅಮೆರಿಕದ ಲಿಂಡ್ಸೆ ವ್ಯಾನ್ ಹೆಸರಿನಲ್ಲಿ. ಆ ಒಲಿಂಪಿಕ್ಸ್‌ನಲ್ಲಿ ಹಾರುವ ಅವಕಾಶ ಅವರಿಗಿರಲಿಲ್ಲ.

2011ರಲ್ಲಿ ಒಪ್ಪಿಗೆ ಸಿಕ್ಕಿತು. 2014ರಲ್ಲಿ ಜರ್ಮನಿಯ ಕರೀನಾ ಫೋಗ್ಟ್ ಮೊದಲ ಚಿನ್ನ ಗೆದ್ದರು, ಬೆಳ್ಳಿ ಇರಾಶ್ಕೊ ಅವರಿಗೆ. ಆಮೇಲೆ ಆದದ್ದು ನೋಡಿ. ಎಲ್ಲಕ್ಕಿಂತ ದೊಡ್ಡ ಇಳಿಜಾರಿನಿಂದ ಹಾರುವ ಸ್ಕೀ ಫ್ಲೈಯಿಂಗ್ ಸ್ಪರ್ಧೆ ಹೆಂಗಸರಿಗೆ ಮೊದಲ ಸಲ ಸಿಕ್ಕಿದ್ದು 2023ರಲ್ಲಿ. ಸ್ಲೊವೇನಿಯಾದ ಎಮಾ ಕ್ಲಿನೆಟ್ಸ್ 226 ಮೀಟರ್ ಹಾರಿದರು. ಎರಡೇ ವರ್ಷದಲ್ಲಿ ಅದೇ ದೇಶದ ನಿಕಾ ಪ್ರೆವ್ಟ್ಸ್ 236ಕ್ಕೆ ಮುಟ್ಟಿಸಿದರು. ಬಾಗಿಲು ತೆರೆದ ಮೇಲೆ ಬಂದ ಬೆಳವಣಿಗೆ ಇದು.

ಯಾಕೆ ಹೀಗೆ? ದುಡ್ಡಿನ ವಿಷಯ. ಒಲಿಂಪಿಕ್ಸ್‌ನಲ್ಲಿರುವ ಆಟಕ್ಕೆ ದೇಶಗಳು ಕೋಚ್ ಕೊಡುತ್ತವೆ, ಪ್ರವಾಸದ ಖರ್ಚು ಕೊಡುತ್ತವೆ, ಪ್ರಾಯೋಜಕರೂ ಬರುತ್ತಾರೆ. ಇಲ್ಲದ ಆಟಕ್ಕೆ ಹುಡುಗಿಯರನ್ನು ಕಳಿಸಿ ಅಂದರೆ ಅಪ್ಪ ಅಮ್ಮ ಕೂಡ ಎರಡು ಸಲ ಯೋಚಿಸುತ್ತಾರೆ. ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ ಅಂತಾರಲ್ಲ, ಹಾಗಾಯಿತು.

ಈಗ ನಾರ್ಡಿಕ್ ಕಂಬೈನ್ಡ್. ಹೆಂಗಸರ ಮೊದಲ ವಿಶ್ವಕಪ್ ಸ್ಪರ್ಧೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಅದನ್ನು ಗೆದ್ದ ಅಮೆರಿಕದ ತಾರಾ ಗೆರಟಿ-ಮೋಟ್ಸ್ ಮರುವರ್ಷ ಬಯಾಥ್ಲಾನ್‌ಗೆ ಹೋದರು. ಸ್ಕೀ ಓಟದ ಜೊತೆ ಬಂದೂಕಿನಿಂದ ಗುರಿ ಹೊಡೆಯುವ ಆ ಆಟ ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಜಾಗ ಇರುವ ಆಟ. ಚಾಂಪಿಯನ್ನೇ ಬೇರೆ ಕಡೆ ಹೋದರೆ ಸಂಖ್ಯೆ ಎಲ್ಲಿಂದ ಬೆಳೆಯಬೇಕು?

ಒಲಿಂಪಿಕ್ ಸಮಿತಿಯ ವಾದವನ್ನೂ ಹೇಳಬೇಕು. 2026ರ ಕೂಟಕ್ಕೆ ಹೆಂಗಸರನ್ನು ಸೇರಿಸಲ್ಲ ಅಂತ 2022ರಲ್ಲಿ ತೀರ್ಮಾನಿಸಿದಾಗ, ಹೆಂಗಸರ ಸ್ಪರ್ಧೆಯಲ್ಲಿ ಭಾಗವಹಿಸುವ ದೇಶಗಳು ಕಮ್ಮಿ ಅಂದಿತು. ಅದು ನಿಜವೇ. 2021ರ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೂರು ಪದಕವೂ ನಾರ್ವೆಯ ಪಾಲಾಗಿತ್ತು. ಆದರೆ ಸಮಿತಿ ತೋರಿಸಿದ ಇನ್ನೊಂದು ಲೆಕ್ಕ ಓದಿ ನಗು ಬಂತು. ಹಿಂದಿನ ಮೂರು ಒಲಿಂಪಿಕ್ಸ್‌ಗಳ 27 ಪದಕಗಳನ್ನು ನಾಲ್ಕೇ ದೇಶಗಳು ಹಂಚಿಕೊಂಡಿವೆ, ನೋಡುವವರೂ ತೀರಾ ಕಮ್ಮಿ ಅಂತ. ಆ 27 ಪದಕ ಯಾರದ್ದು? ಎಲ್ಲವೂ ಗಂಡಸರದ್ದು! ಗಂಡಸರ ಸ್ಪರ್ಧೆ ಕಳೆಗುಂದಿದೆ, ಅದಕ್ಕೇ ಹೆಂಗಸರು ಹೊರಗೆ. ಗಂಡಸರು ಮಾತ್ರ ಒಳಗೇ ಉಳಿದರು.

ಹಾಗಂತ ಗಂಡಸರೂ ನೆಮ್ಮದಿಯಾಗಿಲ್ಲ. ಭಾಗವಹಿಸುವವರು, ನೋಡುವವರು ಹೆಚ್ಚದಿದ್ದರೆ 2030ಕ್ಕೆ ಇಡೀ ಆಟವೇ ಇರುವುದು ಅನುಮಾನ ಅಂತ ಸಮಿತಿ ಆಗಲೇ ಎಚ್ಚರಿಸಿತ್ತು. ಹೆಂಗಸರನ್ನು ಸೇರಿಸಿಕೊಂಡಿದ್ದರೆ ಸ್ಪರ್ಧಿಗಳೂ ನೋಡುವವರೂ ಹೆಚ್ಚುತ್ತಿದ್ದರೇನೋ ಅನ್ನೋದು ನನ್ನ ಊಹೆ.

ಆಟಗಾರ್ತಿಯರು ಈಚೆಗೆ ಸ್ಪರ್ಧೆಯ ಅಂಗಳದಲ್ಲೇ ಸ್ಕೀ ಕೋಲುಗಳನ್ನು ಎಕ್ಸ್ ಆಕಾರದಲ್ಲಿ ಎತ್ತಿ ಹಿಡಿದು ಪ್ರತಿಭಟಿಸಿದ್ದಾರೆ. ಈ ದನಿ ಎತ್ತಿದವರಲ್ಲಿ ಅಮೆರಿಕದ ಆನಿಕಾ ಮಲಚಿನ್‌ಸ್ಕಿ ಒಬ್ಬರು. ಅವರ ತಮ್ಮ ನಿಕ್ಲಾಸ್ ಕೂಡ ಇದೇ ಆಟದವರು. ಅದೇ ಬೆಟ್ಟದಿಂದ ಹಾರುತ್ತಾರೆ, ಅದೇ ಹಿಮದಲ್ಲಿ ಓಡುತ್ತಾರೆ. ಒಲಿಂಪಿಕ್ಸ್ ಬಾಗಿಲು ತಮ್ಮನಿಗೆ ತೆರೆದಿತ್ತು, ಅಕ್ಕನಿಗೆ ಇರಲಿಲ್ಲ.