ಮಿಂಚು ಯಾಕೆ ಹಾಸಿಗೆ ಮೇಲೆ ಉಚ್ಚೆ ಹೊಯ್ದಳು?

ನಮ್ಮ ಬೆಕ್ಕು ಮಿಂಚು ಮನೆಗೆ ಬಂದ ಮೂರನೇ ದಿನ ನನ್ನ ಹಾಸಿಗೆ ಮೇಲೆ ಉಚ್ಚೆ ಹೊಯ್ದಳು. ನಾಲ್ಕನೇ ದಿನ ಬಾಗಿಲ ಬಳಿಯ ಮ್ಯಾಟಿನ ಮೇಲೆ. ಐದನೇ ದಿನ ಮತ್ತೆ ಹಾಸಿಗೆ, ಅದೇ ಜಾಗ. ಅವಳ ಶೌಚಕ್ಕೆಂದೇ ಇಟ್ಟ ಹೊಸ ಲಿಟರ್ ಬಾಕ್ಸ್ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು. ಅದಕ್ಕೊಂದು ಮುಚ್ಚಳ, ಪುಟ್ಟ ಬಾಗಿಲು, ಒಳಗೆ ಲ್ಯಾವೆಂಡರ್ ಪರಿಮಳದ ಲಿಟರ್, ಅಂದರೆ ಉಚ್ಚೆ ಹೀರುವ ಹರಳು. ನನಗೆ ಅದು ಚೆನ್ನಾಗಿ ಕಂಡಿತ್ತು.

ಅವಳು ಎರಡು ವರ್ಷದ ಹೆಣ್ಣು ಬೆಕ್ಕು. ಬೆಂಗಳೂರಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಸಂತಾನಹರಣ ಆಪರೇಷನ್ ಆಗಿತ್ತು. ಸಲಹೆಗಳಿಗೇನೂ ಬರ ಇರಲಿಲ್ಲ. "ಹಠ ಅದಕ್ಕೆ. ಮೂಗು ಹಿಡಿದು ಅದರಲ್ಲೇ ಉಜ್ಜಿ, ಬುದ್ಧಿ ಬರುತ್ತೆ" ಎಂದರು ಪಕ್ಕದ ಮನೆಯವರು. ಊರಿಂದ ಅತ್ತೆ ಫೋನ್ ಮಾಡಿದರು: "ಮಲಗೋ ಜಾಗದಲ್ಲೇ ಮಾಡ್ತಿದೆ ಅಂದ್ರೆ ಶಕುನ ಒಳ್ಳೇದಲ್ಲ ಕಣೇ. ಯಾರಿಗಾದ್ರೂ ಕೊಟ್ಬಿಡು."

ಬೆಕ್ಕು ಅಡ್ಡ ಬಂದರೆ ವಾಪಸ್ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡುವ ಜನ ನಾವು. ಅಷ್ಟಕ್ಕೇ ಮುಗಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹಠ, ಸೇಡು, ಶಕುನ ಎಂಬ ಮಾತು ಮನೆಯೊಳಗಿನ ಬೆಕ್ಕಿಗೆ ಅಂಟಿಕೊಂಡರೆ ಅದರ ಬಾಳೇ ಮುಗಿಯುತ್ತದೆ. ಚೀಲದಲ್ಲಿ ತುಂಬಿ ದೂರದ ಮಾರ್ಕೆಟ್ಟಿನಲ್ಲಿ ಬಿಟ್ಟು ಬರುತ್ತಾರೆ. ಮೂಗು ಉಜ್ಜಿದ ಬೆಕ್ಕು ಕಲಿಯುವುದು ಒಂದೇ ಪಾಠ: ಈ ಮನುಷ್ಯರ ಕೈಗೆ ಸಿಗಬಾರದು. ಆಮೇಲೆ ಅದು ಸೋಫಾದ ಹಿಂದೆ ಹೋಗಿ ಮಾಡುತ್ತದೆ. ನಿಮಗೆ ಗೊತ್ತಾಗುವುದು ತಡವಾಗುತ್ತದೆ, ಅಷ್ಟೇ ವ್ಯತ್ಯಾಸ.

ಇದನ್ನು ಅರ್ಥ ಮಾಡಿಕೊಳ್ಳಲು ಬೆಕ್ಕಿನ ಮೂತ್ರದಿಂದಲೇ ಶುರು ಮಾಡಬೇಕು. ಅಷ್ಟು ಸೊಗಸಾದ ರಸಾಯನಶಾಸ್ತ್ರ ಅಲ್ಲಿದೆ. ನಮ್ಮ ಮನೆಬೆಕ್ಕುಗಳ ಮೂಲ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕು, ಒಣನೆಲದ ಪ್ರಾಣಿ. 2007ರಲ್ಲಿ ಕಾರ್ಲೋಸ್ ಡ್ರಿಸ್ಕಲ್ ಮತ್ತು ಸಂಗಡಿಗರು ಡಿಎನ್ಎ ಹೋಲಿಸಿ, ಮನೆಬೆಕ್ಕಿನ ಬೇರು ಪಶ್ಚಿಮ ಏಷ್ಯಾದಲ್ಲಿದೆ ಎಂದು ಹೇಳಿದರು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಗೋರಿಯೊಂದು ಸಿಕ್ಕಿದೆ. ಮನುಷ್ಯನ ಪಕ್ಕದಲ್ಲೇ ಒಂದು ಎಳೆಯ ಬೆಕ್ಕನ್ನು ಹೂಳಲಾಗಿತ್ತು. ಅಷ್ಟು ಹಳೆಯ ಗೆಳೆತನವಿದ್ದರೂ ಬೆಕ್ಕಿನ ಕಿಡ್ನಿ ಒಣನೆಲದ್ದೇ ಆಗಿ ಉಳಿದಿದೆ. ಒಂದೊಂದು ಹನಿ ನೀರನ್ನೂ ದೇಹಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ಹೊರಗೆ ಬರುವುದು ಬಹಳ ಗಟ್ಟಿಯಾದ ಮೂತ್ರ. ನಮ್ಮದು ಸಾರಿನ ತಿಳಿಯಾದರೆ ಅವರದು ಕುದಿಸಿ ಬತ್ತಿಸಿದ ರಸ.

ಆ ರಸದಲ್ಲಿ ಫೆಲಿನೀನ್ ಎಂಬ ವಸ್ತುವಿದೆ. ಹೆಸರಲ್ಲೇ ಬೆಕ್ಕಿದೆ, ಅಲ್ವಾ? ಇದು ಗಂಧಕ ಇರುವ ಒಂದು ಅಮೈನೋ ಆಮ್ಲ. ಆಶ್ಚರ್ಯವೆಂದರೆ ಇದಕ್ಕೆ ವಾಸನೆಯೇ ಇಲ್ಲ. ಇದು ಹುಟ್ಟುವ ಬಗೆಯನ್ನು 2006ರಲ್ಲಿ ಜಪಾನಿನ ಮಸಾವೊ ಮಿಯಾಜಾಕಿ ಮತ್ತು ಸಂಗಡಿಗರು ಬಿಡಿಸಿ ಹೇಳಿದರು. ಬೆಕ್ಕಿನ ಕಿಡ್ನಿ ಕಾಕ್ಸಿನ್ ಎಂಬ ಕಿಣ್ವವನ್ನು ಧಾರಾಳವಾಗಿ ಮೂತ್ರಕ್ಕೆ ಬಿಡುತ್ತದೆ. ಆ ಕಿಣ್ವ ಮೂತ್ರದಲ್ಲಿರುವ ಒಂದು ಪೂರ್ವವಸ್ತುವನ್ನು ಕತ್ತರಿಸಿ ಫೆಲಿನೀನ್ ಮಾಡುತ್ತದೆ. ಫೆಲಿನೀನ್ ಹೊರಗೆ ಬಂದ ಮೇಲೆ ನಿಧಾನವಾಗಿ ಒಡೆಯುತ್ತದೆ. ಆಗ ಹುಟ್ಟುವ ಗಂಧಕದ ಸಂಯುಕ್ತಕ್ಕೇ ನಾವು ಮೂಗು ಮುಚ್ಚಿಕೊಳ್ಳುವುದು.

ಬೆಳ್ಳುಳ್ಳಿ ನೆನಪಿಸಿಕೊಳ್ಳಿ. ಇಡೀ ಗಡ್ಡೆ ಕೈಯಲ್ಲಿ ಹಿಡಿದರೆ ಅಷ್ಟೇನೂ ವಾಸನೆ ಇಲ್ಲ. ಜಜ್ಜಿದ ಕೂಡಲೇ ಕಿಣ್ವವೊಂದು ವಾಸನೆಯಿಲ್ಲದ ಗಂಧಕದ ವಸ್ತುವನ್ನು ಒಡೆಯುತ್ತದೆ, ಅಡುಗೆಮನೆ ತುಂಬುತ್ತದೆ. ಬೆಕ್ಕಿನದು ಇದೇ ಆಟ, ಆದರೆ ಬಹಳ ನಿಧಾನ. ಗ್ಯಾಸ್ ಸಿಲಿಂಡರ್ ಸೋರಿದರೆ ಬರುವ ವಾಸನೆ ಗ್ಯಾಸಿನದಲ್ಲ, ನಮ್ಮನ್ನು ಎಚ್ಚರಿಸಲು ಬೆರೆಸಿದ ಮರ್ಕ್ಯಾಪ್ಟಾನ್ ಎಂಬ ಗಂಧಕದ ವಸ್ತುವಿನದು. ಫೆಲಿನೀನ್ ಒಡೆದು ಬರುವುದು ಅದೇ ಕುಟುಂಬದ ವಸ್ತು. ಎಳ್ಳಷ್ಟಿದ್ದರೂ ಮೂಗಿಗೆ ಗೊತ್ತಾಗುತ್ತದೆ. ಕಾಲ ನೋಡಿ ತೆರೆದುಕೊಳ್ಳುವ ಕಾಗದದ ಹಾಗೆ ಇದು ಇಂದು ಸುಮ್ನೆ ಇದ್ದು ನಾಳೆ, ನಾಳಿದ್ದು ಮಾತಾಡುತ್ತದೆ. ಅದಕ್ಕೇ ನೀವು ಒರೆಸಿದ ದಿನ ಏನೂ ಇಲ್ಲ ಅನ್ನಿಸಿ, ಎರಡು ದಿನ ಬಿಟ್ಟು ಕೋಣೆಯೆಲ್ಲ ನಾರುವುದು. ಇದರ ಜೊತೆಗೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಅಮೋನಿಯ ಮಾಡುವ ಕೆಲಸ ಬೇರೆ ನಡೆದಿರುತ್ತದೆ.

ಬೀಜ ಒಡೆಯದ ಗಂಡು ಬೆಕ್ಕಿನಲ್ಲಿ ಕಾಕ್ಸಿನ್, ಫೆಲಿನೀನ್ ಎರಡೂ ಜಾಸ್ತಿ. ಆಪರೇಷನ್ ಆದ ಮೇಲೆ ಕಡಿಮೆಯಾಗುತ್ತವೆ. ಅಂದ ಹಾಗೆ, ಬೆಕ್ಕಿನ ಮೂತ್ರದ ನಾತಕ್ಕೆ ಯೂರಿಕ್ ಆಮ್ಲವೇ ಕಾರಣ ಎಂದು ಎಲ್ಲೆಡೆ ಬರೆಯುತ್ತಾರೆ. ಆದರೆ ಬೆಕ್ಕಿನ ದೇಹ ಒಂದು ಕಿಣ್ವದಿಂದ ಯೂರಿಕ್ ಆಮ್ಲದ ಬಹುಪಾಲನ್ನು ಅಲಂಟೋಯಿನ್ ಎಂಬ ಬೇರೆ ವಸ್ತುವಾಗಿ ಬದಲಿಸಿಬಿಡುತ್ತದೆ. ಆ ಕಿಣ್ವ ಕಳೆದುಕೊಂಡವರು ನಾವು ಮನುಷ್ಯರು. ನಮಗೆ ಗೌಟ್ ಎಂಬ ಕೀಲುನೋವು ಬರುವುದು ಅದಕ್ಕೇ.

ಈಗ ನನ್ನ ಹಾಸಿಗೆಗೆ ಬರುತ್ತೇನೆ. ಮೊದಲ ದಿನ ನಾನು ಸೋಪುನೀರಿನಲ್ಲಿ ಒರೆಸಿ ಬಿಸಿಲಿಗೆ ಹಾಕಿದ್ದೆ. ನನ್ನ ಮೂಗಿಗೆ ಅದು ಶುದ್ಧವಾಗಿತ್ತು. ಮಿಂಚುವಿನ ಮೂಗಿಗೆ ಅಲ್ಲಿ "ಇದು ನಿನ್ನ ಜಾಗ" ಎಂದು ಬರೆದಿತ್ತು. ವಾಸನೆ ಪೂರ್ತಿ ಹೋಗಲು ಕಿಣ್ವ ಇರುವ ಕ್ಲೀನರ್ ಬೇಕು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಬಟ್ಟೆಯಿಂದ ಒತ್ತಿ ಹೀರಿಸಿ, ಅದನ್ನು ಧಾರಾಳವಾಗಿ ಸುರಿದು, ತಾನಾಗಿ ಒಣಗಲು ಬಿಡಬೇಕು.

ದಯವಿಟ್ಟು ಫಿನೈಲ್ ಹಾಕಬೇಡಿ. ನಮ್ಮ ಕಡೆ ನೆಲ ಒರೆಸಲು ಮೊದಲು ಕೈ ಹೋಗುವುದೇ ಆ ಬಾಟಲಿಗೆ. ಫೀನಾಲಿನಂಥ ವಸ್ತು ದೇಹಕ್ಕೆ ಹೋದರೆ ನಮ್ಮ ಲಿವರ್ ಅದಕ್ಕೆ ಗ್ಲುಕ್ಯುರಾನಿಕ್ ಆಮ್ಲವನ್ನು ಕಟ್ಟಿ ಹೊರಗೆ ಕಳಿಸುತ್ತದೆ. ಬೆಕ್ಕಿನಲ್ಲಿ ಈ ಕೆಲಸದ ಒಂದು ಮುಖ್ಯ ಜೀನ್ ಎಂದೋ ಕೆಟ್ಟುಹೋಗಿದೆ. ಮಾಂಸ ಮಾತ್ರ ತಿನ್ನುವ ಪ್ರಾಣಿಗೆ ಗಿಡಗಳ ವಿಷ ಕಳೆಯುವ ಯಂತ್ರ ಅಷ್ಟಾಗಿ ಬೇಕಿರಲಿಲ್ಲ. ಫಿನೈಲ್ ಮೆತ್ತಿದ ಪಾದವನ್ನು ಬೆಕ್ಕು ನೆಕ್ಕುತ್ತದೆ, ವಿಷ ಒಳಗೇ ಉಳಿಯುತ್ತದೆ. ನಮಗೆ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಕಾರಣ ಇದೇ. ಬ್ಲೀಚಿಂಗ್ ಪೌಡರ್ ಕೂಡ ಬೇಡ. ಅಮೋನಿಯದ ಜೊತೆ ಸೇರಿದರೆ ಅದರಿಂದ ಏಳುವ ಅನಿಲ ನಿಮಗೂ ಒಳ್ಳೆಯದಲ್ಲ.

ಇಷ್ಟೆಲ್ಲ ತೊಳೆದರೂ ಮೊದಲನೇ ಸಲ ಯಾಕೆ ಹಾಸಿಗೆ ಮೇಲೆ ಮಾಡಿದಳು ಎಂಬ ಪ್ರಶ್ನೆ ಉಳಿಯಿತು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪಶುವೈದ್ಯ ಟೋನಿ ಬಫಿಂಗ್ಟನ್ ಬೆಕ್ಕಿನ ಮೂತ್ರಕೋಶದ ನೋವಿನ ಬೆನ್ನು ಹತ್ತಿದವರು. ಅವರ ತಂಡ 32 ಬೆಕ್ಕುಗಳನ್ನು 77 ವಾರ ಗಮನಿಸಿತು. ಕೆಲವಕ್ಕೆ ಮೂತ್ರಕೋಶದ ಕಾಯಿಲೆಯಿತ್ತು, ಉಳಿದವು ಆರೋಗ್ಯವಾಗಿದ್ದವು. ಊಟದ ಹೊತ್ತು ಬದಲಾದರೆ, ನೋಡಿಕೊಳ್ಳುವವರು ಬದಲಾದರೆ ಎರಡೂ ಗುಂಪಿನ ಬೆಕ್ಕುಗಳು ಊಟ ಕಡಿಮೆ ಮಾಡಿದವು, ಲಿಟರ್ ಟ್ರೇ ಹೊರಗೆ ಮಾಡಿದವು. ಆರೋಗ್ಯವಾಗಿದ್ದವು ಕೂಡ! 2011ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ನನಗೆ ನಾಚಿಕೆಯಾಯಿತು. ಊಟದ ಹೊತ್ತು ಆಚೀಚೆಯಾದರೆ ಹೀಗಾಗುವ ಪ್ರಾಣಿಯನ್ನು ನಾನು ಒಂದೇ ದಿನದಲ್ಲಿ ಬೀದಿಯಿಂದ ಮೂರನೇ ಮಹಡಿಗೆ ತಂದಿದ್ದೆ. ಕುಕ್ಕರ್ ಸೀಟಿ, ಮಿಕ್ಸಿ, ಕಾಲಿಂಗ್ ಬೆಲ್, ನೋಡಲು ಬಂದ ಮಕ್ಕಳು. ಅವಳ ಪರಿಮಳ ಒಂದು ಗೋಡೆಯ ಮೇಲೂ ಇರಲಿಲ್ಲ. ನನ್ನ ಹಾಸಿಗೆ ಮೆತ್ತಗಿತ್ತು, ಎತ್ತರದಲ್ಲಿತ್ತು, ಅಲ್ಲಿಂದ ಬಾಗಿಲು ಕಾಣುತ್ತಿತ್ತು.

2014ರಲ್ಲಿ ನೆದರ್ಲೆಂಡ್ಸಿನ ಒಂದು ಪ್ರಾಣಿ ಆಶ್ರಯದಲ್ಲಿ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಿಕೊಳ್ಳುವ ಪೆಟ್ಟಿಗೆ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಪೆಟ್ಟಿಗೆ ಸಿಕ್ಕವು ಬೇಗ ಹೊಂದಿಕೊಂಡವು. ನಾನು ದಿನಸಿ ಅಂಗಡಿಯಿಂದ ರಟ್ಟಿನ ಡಬ್ಬ ತಂದೆ. ಮಿಂಚುವಿಗೆ ಒಂದೇ ಕೋಣೆ ಬಿಟ್ಟುಕೊಟ್ಟೆ. ಊಟ ಒಂದು ಮೂಲೆ, ಟ್ರೇ ದೂರದ ಇನ್ನೊಂದು ಮೂಲೆ. ವಾಷಿಂಗ್ ಮೆಷಿನ್ ಪಕ್ಕದಲ್ಲಿದ್ದ ಟ್ರೇಯನ್ನು ಅಲ್ಲಿಂದ ಎತ್ತಿದೆ. ಅದು ಗಡಗಡ ಅಂದರೆ ನಾನೇ ಬೆಚ್ಚುತ್ತೇನೆ.

ಇವೆಲ್ಲಕ್ಕೂ ಮೊದಲು ಪಶುವೈದ್ಯರಿಗೆ ತೋರಿಸಿದ್ದೆ. ಸೋಂಕು, ಕಲ್ಲು ಇದ್ದರೆ ಉಳಿದ ಯಾವ ಉಪಾಯವೂ ನಾಟುವುದಿಲ್ಲ. ಗಂಡು ಬೆಕ್ಕು ಪದೇಪದೇ ಕೂತು, ಮುಕ್ಕಿ, ಒಂದು ಹನಿಯೂ ಬರದೇ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು.

ಲಿಟರ್ ಬಾಕ್ಸಿನ ಮುಚ್ಚಳ ತೆಗೆದೆ. ಎಲ್ಲ ಬೆಕ್ಕೂ ಮುಚ್ಚಳ ದ್ವೇಷಿಸುವುದಿಲ್ಲ, ಅದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಆದರೆ ಮುಚ್ಚಿದ ಡಬ್ಬದಲ್ಲಿ ಲ್ಯಾವೆಂಡರ್ ಎಂದರೆ ಲಿಫ್ಟಿನೊಳಗೆ ಹತ್ತು ಅಗರಬತ್ತಿ ಹಚ್ಚಿ ನಿಲ್ಲಿಸಿದ ಹಾಗೆ. ಪರಿಮಳ ನಮಗಾಗಿ ಸೇರಿಸಿದ್ದು, ಬೆಕ್ಕಿಗಾಗಿ ಅಲ್ಲ.

ಲಿಟರ್ ಹುಟ್ಟಿದ ಕಥೆಯಲ್ಲೇ ನನಗೆ ಕೊನೆಯ ಉತ್ತರ ಸಿಕ್ಕಿತು. 1947ರ ಚಳಿಗಾಲ, ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಊರು. ಎಡ್ವರ್ಡ್ ಲೋ ಎಂಬ ಯುವಕನ ಬಳಿಗೆ ನೆರೆಯ ಹೆಂಗಸೊಬ್ಬರು ಬಂದು ಬೆಕ್ಕಿಗೆ ಮರಳು ಕೇಳಿದರು. ಅವರ ಮರಳಿನ ರಾಶಿ ಹಿಮಕ್ಕೆ ಹೆಪ್ಪುಗಟ್ಟಿತ್ತು. ಬೂದಿ ಹಾಕಿದರೆ ಮನೆಯೆಲ್ಲ ಹೆಜ್ಜೆ ಗುರುತು. ಲೋ ಎಣ್ಣೆ ಹೀರಲು ಕಾರ್ಖಾನೆಗಳಿಗೆ ಮಾರುತ್ತಿದ್ದ ಜೇಡಿಮಣ್ಣಿನ ಹರಳು ಕೊಟ್ಟ. ಆಮೇಲೆ ಅದನ್ನೇ ಐದು ಪೌಂಡಿನ ಚೀಲದಲ್ಲಿ ತುಂಬಿ 65 ಸೆಂಟಿಗೆ ಮಾರಲು ಹೊರಟ. ಇಂಗ್ಲಿಷಿನಲ್ಲಿ ಫುಲ್ಲರ್ಸ್ ಅರ್ತ್ ಎನ್ನುವ ಆ ಮಣ್ಣು ನಮಗೆ ಮುಲ್ತಾನಿ ಮಿಟ್ಟಿ ಎಂದೇ ಪರಿಚಯ. ನಾವು ಮುಖಕ್ಕೆ ಹಚ್ಚುವುದು ಅದನ್ನೇ! ಗಟ್ಟಿ ಉಂಡೆಯಾಗುವ ಇಂದಿನ ಲಿಟರ್ ಬೆಂಟೊನೈಟ್ ಮಣ್ಣಿನದು. ನೀರು ತಾಗಿದರೆ ಅದರ ಪದರಗಳು ಉಬ್ಬಿ ಅಂಟಿಕೊಳ್ಳುತ್ತವೆ. ನಮ್ಮ ಕಚ್ಛ್‌ನಲ್ಲಿ ಅದು ಹೇರಳವಾಗಿದೆ.

ಅಂದರೆ ಲಿಟರ್ ಎನ್ನುವುದು ಮರಳಿನ ಬದಲಿ. ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ, ಹೊರಗೆ ಸುರಿದ ಮರಳಿನ ರಾಶಿಯಲ್ಲಿ ಬೀದಿಯ ಬೆಕ್ಕೆಲ್ಲ ಬಂದು ಕೆರೆದಿರುತ್ತವೆ. ಮಿಂಚು ಎರಡು ವರ್ಷ ಹೋಗಿದ್ದು ಅಂಥ ರಾಶಿಗೇ. ಮರಿಯಾಗಿದ್ದಾಗಿನಿಂದ ಪಾದಕ್ಕೆ ಗೊತ್ತಿದ್ದ ನೆಲ ಅದು. ಅವಳಿಗೆ ಲಿಟರ್ ಬಾಕ್ಸ್ ಎಂದರೆ ಏನೆಂದು ಯಾರೂ ಹೇಳಿರಲಿಲ್ಲ.

ಎದುರಿನ ಸೈಟಿನ ಮೇಸ್ತ್ರಿಯನ್ನು ಕೇಳಿ ಒಂದು ಬಕೆಟ್ ಎಂ-ಸ್ಯಾಂಡ್ ತಂದೆ. ತೊಳೆದು, ಒಣಗಿಸಿ, ದೊಡ್ಡದೊಂದು ಪ್ಲಾಸ್ಟಿಕ್ ಟಬ್ಬಿಗೆ ಹಾಕಿದೆ. ಪಕ್ಕದಲ್ಲಿ ಇನ್ನೊಂದು ಟಬ್ಬು, ಅದರಲ್ಲಿ ಪರಿಮಳವಿಲ್ಲದ ಲಿಟರ್. ಆ ರಾತ್ರಿ ಎರಡು ಗಂಟೆಗೆ ಕರಕರ ಕೆರೆಯುವ ಸದ್ದು ಕೇಳಿಸಿತು. ನಾನು ದೀಪ ಹಾಕಲಿಲ್ಲ. ಮರುದಿನದಿಂದ ಮರಳಿಗೆ ಸ್ವಲ್ಪ ಸ್ವಲ್ಪವೇ ಲಿಟರ್ ಬೆರೆಸುತ್ತ ಬಂದೆ. ಮೂರು ವಾರದಲ್ಲಿ ಎರಡು ಟಬ್ಬಿನಲ್ಲೂ ಬಹುಪಾಲು ಲಿಟರೇ ಆಯಿತು. ಈಗಲೂ ಟಬ್ ತೊಳೆದು ಹೊಸದಾಗಿ ತುಂಬುವಾಗ ಮೇಲೊಂದು ಹಿಡಿ ಮರಳು ಉದುರಿಸುತ್ತೇನೆ.