ಮೊದಲು ಕಿಸೆ, ಆಮೇಲೆ ಲಾಕ್: ಕರಾವಳಿಯಲ್ಲಿ ಮಡಚುವ ಚೂರಿ

ಮಡಚುವ ಚೂರಿ ಕೊಳ್ಳಬೇಕೆಂದು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಯಾವ ಲಾಕ್, ಅಂದರೆ ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ವ್ಯವಸ್ಥೆ, ಗಟ್ಟಿ ಎಂದು. ಮಂಗಳೂರಿನ ಬಂದರು ಪ್ರದೇಶದಲ್ಲಿ ಸಾಣೆಯ ಕೆಲಸವನ್ನೂ ಕೈಉಪಕರಣಗಳ ದುರಸ್ತಿಯನ್ನೂ ಕಸುಬಾಗಿ ನಡೆಸುವ ನಾನು ಅದಕ್ಕೆ ಉತ್ತರ ಕೊಡುವ ಮೊದಲು, ಚೂರಿಯನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳುತ್ತೀರಿ, ಕೆಲಸದ ಹೊತ್ತಿನಲ್ಲಿ ಏನು ಉಟ್ಟಿರುತ್ತೀರಿ, ಮಳೆಗಾಲದಲ್ಲಿ ಅದು ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂದು ವಿಚಾರಿಸುತ್ತೇನೆ. ಲಾಕ್ ಕೈಕೊಟ್ಟಿತು ಎಂದು ನನ್ನ ಮೇಜಿಗೆ ಬರುವ ಚೂರಿಗಳಲ್ಲಿ ಲಾಕಿನ ವಿನ್ಯಾಸವೇ ಕೆಟ್ಟದಾಗಿರುವುದು ಅಪರೂಪ. ಆ ಲಾಕ್ ಆ ಕಿಸೆಗೆ, ಆ ಕೆಲಸಕ್ಕೆ, ನಮ್ಮ ಉಪ್ಪುಗಾಳಿಗೆ ಹೊಂದದೆ ಹೋಗಿರುವುದೇ ಹೆಚ್ಚು.

ಕಿಸೆಗೆ ಸಿಕ್ಕಿಸುವ ಕ್ಲಿಪ್ಪಿನ ವಿಚಾರದಿಂದ ಆರಂಭಿಸುವುದು ಒಳ್ಳೆಯದು. ಅಮೆರಿಕದ ಸ್ಪೈಡರ್ಕೊ ಕಂಪನಿ 1981ರಲ್ಲಿ ತಂದ ‘ವರ್ಕರ್’ ಎಂಬ ಚೂರಿಯ ಅಲಗಿನಲ್ಲಿ ಹೆಬ್ಬೆರಳಿಗೆ ಸಿಗುವ ದುಂಡನೆಯ ತೂತು ಇತ್ತು, ಹಿಡಿಯ ಮೇಲೆ ಕ್ಲಿಪ್ ಇತ್ತು. ಒಂದೇ ಕೈಯಲ್ಲಿ ಬಿಡಿಸಬಲ್ಲ ಇಂದಿನ ಚೂರಿಗಳಲ್ಲಿ ಬಹುಪಾಲು ಅದೇ ದಾರಿಯಲ್ಲಿ ಬಂದವು. ಕ್ಲಿಪ್ ಹಾಕಿದ ಚೂರಿ ಕಿಸೆಯ ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ, ಬೀಗದ ಕೈ ಮತ್ತು ಚಿಲ್ಲರೆಯೊಡನೆ ಕಿಸೆಯ ತಳದಲ್ಲಿ ಉರುಳಾಡುವುದಿಲ್ಲ. ಆದರೆ ಅದರ ಹಿಡಿತವೆಲ್ಲ ಬಟ್ಟೆಯ ದಪ್ಪವನ್ನು ಅವಲಂಬಿಸಿದೆ. ಜೀನ್ಸಿನ ಕಿಸೆಯಿಂದ ಜಾರದ ಚೂರಿ ತೆಳ್ಳಗಿನ ಟೆರಿಕಾಟ್ ಪ್ಯಾಂಟಿನಿಂದಲೂ ಬರ್ಮುಡಾದಿಂದಲೂ ಸುಲಭವಾಗಿ ಜಾರಿ ಹೋಗುತ್ತದೆ.

ಕ್ಲಿಪ್ಪನ್ನು ಹಿಡಿಯ ಯಾವ ತುದಿಗೆ ಕೂರಿಸಿದ್ದಾರೆ ಎಂಬುದನ್ನು ಕೊಳ್ಳುವವರು ಗಮನಿಸುವುದೇ ಇಲ್ಲ. ಕ್ಲಿಪ್ ಹಿಡಿಯ ಬಾಲದ ತುದಿಯಲ್ಲಿದ್ದರೆ ಮಡಚಿದ ಅಲಗಿನ ಮೊನೆ ಕಿಸೆಯಲ್ಲಿ ಮೇಲ್ಮುಖವಾಗಿರುತ್ತದೆ. ಕ್ಲಿಪ್ ಅಲಗು ತಿರುಗುವ ಪಿವೊಟ್ ಮೊಳೆಯ ಕಡೆಗಿದ್ದರೆ ಮೊನೆ ಕೆಳಮುಖವಾಗುತ್ತದೆ. ಮೊನೆ ಮೇಲಿರುವ ಚೂರಿಯನ್ನು ಎಳೆದು ತೆಗೆದಾಗ ಹೆಬ್ಬೆರಳು ತಾನಾಗಿ ಪಿವೊಟ್ಟಿನ ಬಳಿ ಬಂದು ನಿಲ್ಲುವುದರಿಂದ ಅಂಗೈಯಲ್ಲಿ ಹೊರಳಿಸದೆಯೇ ಬಿಡಿಸಬಹುದು. ಅಪಾಯವೂ ಅಲ್ಲಿಯೇ ಇದೆ. ಅಲಗು ಕಿಸೆಯೊಳಗೆ ಒಂದಿಷ್ಟು ತೆರೆದುಕೊಂಡರೆ, ಕೈ ಹಾಕುವ ಬೆರಳುಗಳಿಗೆ ಮೊದಲು ಎದುರಾಗುವುದು ಮೊನೆಯೇ. ಇದಕ್ಕೆ ಒಂದು ಸರಳ ಉಪಾಯವಿದೆ: ಬಲಗಿಸೆಯಲ್ಲಿ ಚೂರಿಯನ್ನು ನಡುವೆ ಸಿಕ್ಕಿಸದೆ ಹಿಂದಿನ ಹೊಲಿಗೆಗೆ ತಾಗಿಸಿ, ಅಲಗಿನ ಬೆನ್ನು ಆ ಹೊಲಿಗೆಗೆ ಒರಗುವಂತೆ ಇಡಬೇಕು, ಆಗ ಹೊಲಿಗೆಯೇ ಅಲಗು ಬಿಚ್ಚಿಕೊಳ್ಳದಂತೆ ತಡೆಯುತ್ತದೆ. ಎಡಗೈಯವರು ಕ್ಲಿಪ್ಪನ್ನು ಮತ್ತೊಂದು ಮಗ್ಗುಲಿಗೆ ಬದಲಿಸಿಕೊಂಡು ಎಡಗಿಸೆಯಲ್ಲಿ ಇದನ್ನೇ ಮಾಡಬೇಕು, ಹಾಗೆ ಬದಲಿಸಲು ತೂತುಗಳಿಲ್ಲದ ಚೂರಿಯನ್ನು ಅವರು ಕೊಳ್ಳಬಾರದು.

ನಮ್ಮಲ್ಲಿ ಕ್ಲಿಪ್ಪಿನ ದೊಡ್ಡ ಶತ್ರು ಸ್ಕೂಟರ್. ಸೀಟಿಗೆ ಕಾಲು ಹಾಕಿ ಇಳಿಯುವಾಗ, ಮಳೆಕೋಟಿನ ಪ್ಯಾಂಟನ್ನು ಮೇಲಿನಿಂದ ಎಳೆದುಕೊಳ್ಳುವಾಗ, ಬಸ್ಸಿನ ಕಂಬಿಗೆ ಒರಗಿದಾಗ ಕ್ಲಿಪ್ ಸಿಕ್ಕಿಕೊಂಡು ಹೊರಕ್ಕೆ ಬಾಗುತ್ತದೆ, ಬಾಗಿದ ಕ್ಲಿಪ್ ಮತ್ತೆ ಮೊದಲಿನ ಬಿಗಿಗೆ ಬರುವುದಿಲ್ಲ. ಮಳೆಕೋಟಿನ ಒಳಗೆ ಸಿಕ್ಕಿಕೊಂಡ ಚೂರಿ ಬೆವರಿನಲ್ಲಿಯೂ ಹಬೆಯಲ್ಲಿಯೂ ದಿನವಿಡೀ ನೆನೆಯುತ್ತದೆ. ಹೀಗೆ ಓಡಾಡುವವರಿಗೆ ನಾನು ಹೇಳುವುದು, ಕ್ಲಿಪ್ಪನ್ನು ಬಿಚ್ಚಿ ತೆಗೆದು, ಚೂರಿಯನ್ನು ತೆಳು ಚರ್ಮದ ಅಥವಾ ಕ್ಯಾನ್ವಾಸಿನ ಚೀಲಕ್ಕೆ ಹಾಕಿ, ಬ್ಯಾಗಿನ ಒಳಗಿಸೆಯಲ್ಲಿ ಇಡಿ ಎಂದು. ಮನೆಗೆ ಬಂದ ಮೇಲೆ ಮಾತ್ರ ಅದನ್ನು ಚರ್ಮದ ಚೀಲದಲ್ಲಿ ಬಿಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮ ಹೀರಿದ ತೇವ ಅಲಗಿಗೆ ಅಂಟಿಕೊಂಡೇ ಇರುತ್ತದೆ.

ಇನ್ನು ಲುಂಗಿ, ಪಂಚೆ ಉಡುವವರ ವಿಚಾರ. ಕಾರ್ಕಳ, ಬೆಳ್ತಂಗಡಿ ಕಡೆಯ ತೋಟದವರು ಚೂರಿಯನ್ನು ಸೊಂಟದ ಮಡಿಕೆಯಲ್ಲಿ ಸಿಕ್ಕಿಸುತ್ತಾರೆ, ಇಲ್ಲವೇ ಎಲೆಯಡಿಕೆಯ ಸಂಚಿಯಲ್ಲಿ ಇಡುತ್ತಾರೆ. ಸೊಂಟದ ಮಡಿಕೆಯಲ್ಲಿ ಚೂರಿ ಬಗ್ಗಿದಾಗ ಒತ್ತುತ್ತದೆ, ಕುಕ್ಕರಗಾಲಿನಲ್ಲಿ ಕುಳಿತಾಗ ತಿರುಚಿಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ತೆರೆದಾಗ ಭದ್ರವಾಗಿ ನಿಲ್ಲುವ ಲಾಕಿಗಿಂತ ಹೆಚ್ಚಾಗಿ, ಮುಚ್ಚಿದಾಗ ಭದ್ರವಾಗಿ ಮುಚ್ಚಿಕೊಂಡೇ ಇರುವ ವ್ಯವಸ್ಥೆ. ಗುಂಡಿ ಒತ್ತಿದರೆ ಲಾಕ್ ಬಿಡುವ ಚೂರಿಗಳು ಇಲ್ಲಿ ಸರಿಹೋಗುವುದಿಲ್ಲ, ಏಕೆಂದರೆ ಗುಂಡಿ ಯಾವ ಒತ್ತಡಕ್ಕೆ ಒಳಸರಿಯುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಲಾಕೇ ಇಲ್ಲದ, ಬೆನ್ನಿನ ಸ್ಪ್ರಿಂಗಿನ ಬಲದಿಂದಲೇ ಮುಚ್ಚಿ ತೆರೆಯುವ ಹಳೆಯ ಮಾದರಿಯ ಚೂರಿ ಇಂಥ ಕಡೆ ತುಂಬ ನಂಬಿಕಸ್ತವಾದದ್ದು. 1897ರಲ್ಲಿ ಕಾರ್ಲ್ ಎಲ್ಸೆನರ್ ರೂಪಿಸಿದ ಸ್ವಿಸ್ ಅಧಿಕಾರಿಗಳ ಚೂರಿ ಇದೇ ತತ್ತ್ವದ್ದು. ಇಂದಿಗೂ ಅವರ ಕಂಪನಿಯಾದ ವಿಕ್ಟೊರಿನಾಕ್ಸಿನ 91 ಮಿಲಿಮೀಟರ್ ಚೂರಿಗಳ ಅಲಗಿಗೆ ಲಾಕ್ ಇಲ್ಲ. ಅಡಿಕೆ ಹೋಳು ಮಾಡುವುದಕ್ಕೆ, ಬಾಳೆಗೊನೆಯ ದಾರ ಕೊಯ್ಯುವುದಕ್ಕೆ, ಹಣ್ಣು ಹೆಚ್ಚುವುದಕ್ಕೆ ಇಷ್ಟು ಧಾರಾಳವಾಗಿ ಸಾಕು.

ಲಾಕ್ ಬೇಕಾಗುವುದು ಮೊನೆಯಿಂದ ಚುಚ್ಚುವ, ಗಟ್ಟಿ ವಸ್ತುವಿನೊಳಗೆ ಸಿಕ್ಕಿದ ಅಲಗನ್ನು ಹಿಂದಕ್ಕೆಳೆಯುವ ಕೆಲಸಗಳಲ್ಲಿ. ಆಗ ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದು ಅದು ಬೆರಳುಗಳ ಮೇಲೆ ಮಡಚಿಕೊಳ್ಳಬಹುದು.

ಅಂಗಡಿಗಳಲ್ಲಿ ಅತಿ ಹೆಚ್ಚು ಸಿಗುವುದು ಲೈನರ್ ಲಾಕ್. ಮೈಕೆಲ್ ವಾಕರ್ ಎಂಬ ಅಮೆರಿಕನ್ ಕುಶಲಕರ್ಮಿ 1980ರ ದಶಕದ ಆರಂಭದಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟರು. ಹಿಡಿಯ ಒಳಗಿನ ತೆಳು ತಗಡನ್ನು ಉದ್ದಕ್ಕೆ ಸೀಳಿ ಒಂದು ಪಟ್ಟಿಯನ್ನು ಒಳಮುಖವಾಗಿ ಬಗ್ಗಿಸಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ಸರಿದು ಬಂದು ಅಲಗಿನ ಬುಡದ ಇಳಿಜಾರಿನ ಹಿಂದೆ ಕುಳಿತುಕೊಳ್ಳುತ್ತದೆ. ಹೊಸ ಚೂರಿಯಲ್ಲಿ ಪಟ್ಟಿಯ ತುದಿ ಬುಡದ ದಪ್ಪದ ಕಾಲು ಭಾಗದಿಂದ ಅರ್ಧದವರೆಗೆ ಬಂದು ನಿಂತಿದ್ದರೆ ಒಳ್ಳೆಯದು. ಸವೆದಂತೆಲ್ಲ ಅದು ಮತ್ತೊಂದು ಮಗ್ಗುಲಿನತ್ತ ಸರಿಯುತ್ತಾ ಹೋಗುತ್ತದೆ, ಎದುರಿನ ತಗಡಿಗೆ ತಾಗಿತೆಂದರೆ ಚೂರಿಯನ್ನು ದುರಸ್ತಿಗೆ ತರಬೇಕು. ಈಚೆಗೆ ಟ್ರಾಲ್ ಬೋಟಿನಿಂದ ಬಂದ ಇಂಥ ಒಂದು ಚೂರಿಯನ್ನು ಬಿಚ್ಚಿ ಭೂತಗನ್ನಡಿಯ ಕೆಳಗಿಟ್ಟಾಗ, ಬುಡದ ಇಳಿಜಾರಿನ ಮೇಲೆ ಒಣಗಿದ ಮೀನಿನ ಹುರುಪೆಯೊಂದು ಪಾರದರ್ಶಕವಾಗಿ ಅಂಟಿಕೊಂಡಿತ್ತು. ಪಟ್ಟಿಯ ತುದಿ ಲೋಹಕ್ಕೆ ತಾಗುವ ಬದಲು ಆ ಹುರುಪೆಯ ಮೇಲೆ ಕುಳಿತು ಜಾರುತ್ತಿತ್ತು, ಪಟ್ಟಿಯ ಮೂಲೆಯಲ್ಲಿ ಉಪ್ಪು ಬೆಳ್ಳಗೆ ಕಟ್ಟಿ ಅದರ ಕೆಳಗೆ ಕೆಂಪು ತುಕ್ಕಿನ ಗೆರೆ ಮೂಡಿತ್ತು. ಹೊರಗಿನಿಂದ ನೋಡಿದರೆ ಲಾಕ್ ಸರಿಯಾಗಿಯೇ ಬಿದ್ದಂತೆ ಕಾಣುತ್ತಿತ್ತು, ಟಕ್ ಎಂಬ ಸದ್ದೂ ಕೇಳುತ್ತಿತ್ತು. ಈ ಕಾರಣಕ್ಕೇ ಸದ್ದನ್ನು ನಂಬಬೇಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬೆಳಕಿಗೆ ಹಿಡಿದು ಪಟ್ಟಿ ಎಲ್ಲಿ ನಿಂತಿದೆ ಎಂದು ಕಣ್ಣಾರೆ ನೋಡಬೇಕು, ಆಮೇಲೆ ಹಿಡಿಯನ್ನು ಮಗ್ಗುಲುಗಳಲ್ಲಿ ಮಾತ್ರ ಹಿಡಿದು, ಬೆರಳುಗಳನ್ನು ಅಲಗಿನ ದಾರಿಯಿಂದ ಪೂರ್ತಿ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲನೆ ಒತ್ತಿ ಪರೀಕ್ಷಿಸಬೇಕು. ಕೆಲವರು ಬೆನ್ನನ್ನು ಮೇಜಿಗೆ ಬಲವಾಗಿ ಬಡಿಯುತ್ತಾರೆ. ಅದರಿಂದ ಒಳ್ಳೆಯ ಲಾಕ್ ಕೂಡ ಹಾಳಾಗುತ್ತದೆ.

ಲೈನರ್ ಲಾಕನ್ನು ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ ಎಂಬುದನ್ನೂ ಮರೆಯಬಾರದು. ಪಟ್ಟಿಯನ್ನು ಸರಿಸಿ, ಅಲಗನ್ನು ಸ್ವಲ್ಪವೇ ಮಡಚಿ, ಹೆಬ್ಬೆರಳನ್ನು ಹೊರಗೆ ತೆಗೆದುಕೊಂಡ ಮೇಲೆಯೇ ಪೂರ್ತಿ ಮುಚ್ಚಬೇಕು. ಫ್ರೇಮ್ ಲಾಕಿನಲ್ಲಿ ಹಿಡಿಯ ಒಂದು ಮಗ್ಗುಲೇ ಪಟ್ಟಿಯ ಕೆಲಸ ಮಾಡುತ್ತದೆ, ಆದ್ದರಿಂದ ಬಿಗಿಯಾಗಿ ಹಿಡಿದಷ್ಟೂ ಲಾಕ್ ಬಿಗಿಯಾಗುತ್ತದೆ. ಅದು ಟೈಟೇನಿಯಂ ಆಗಿದ್ದರೆ ಉಪ್ಪಿಗೆ ತುಕ್ಕು ಹಿಡಿಯುವ ಚಿಂತೆಯಿಲ್ಲ, ಬೆಲೆಯ ಚಿಂತೆ ಮಾತ್ರ ಉಳಿಯುತ್ತದೆ.

ಹಿಡಿಯ ಬೆನ್ನಿನಲ್ಲಿ ಒತ್ತುವ ಬ್ಯಾಕ್ ಲಾಕನ್ನು ಜನಪ್ರಿಯಗೊಳಿಸಿದ್ದು 1964ರಲ್ಲಿ ಬಂದ ಬಕ್ 110. ತೂಗುವ ಪಟ್ಟಿಯ ಹಲ್ಲು ಅಲಗಿನ ಬುಡದ ಕಚ್ಚಿನಲ್ಲಿ ಕೂರುವುದರಿಂದ ಇದು ಬಲವಾದ ಲಾಕ್, ಮುಚ್ಚಿದಾಗಲೂ ಅಲಗನ್ನು ಎಳೆದು ಹಿಡಿದಿರುತ್ತದೆ. ಕಿಸೆಗೂ ಸೊಂಟಕ್ಕೂ ಹೊಂದುವ ಗುಣ ಅದು. ತೋಟದವರಿಗೆ ಲಾಕ್ ಬೇಕೇ ಬೇಕೆಂದಾದರೆ ನಾನು ಕೊಡುವುದು ಇದನ್ನೇ. ಆದರೆ ಹಲಸಿನ ಮೇಣ ಆ ಕಚ್ಚಿನೊಳಗೆ ಸೇರಿ ಗಟ್ಟಿಯಾದರೆ ಹಲ್ಲು ಪೂರ್ತಿ ಇಳಿಯದೆ ಅರ್ಧದಲ್ಲಿ ನಿಲ್ಲುತ್ತದೆ. ಹಲಸು ಬಿಡಿಸಿದ ದಿನವೇ ತೆಂಗಿನೆಣ್ಣೆ ಸವರಿ ಮೇಣವನ್ನು ಸಡಿಲಿಸಿ, ಬೆಂಕಿಕಡ್ಡಿಯನ್ನು ಚೂಪು ಮಾಡಿ ಕಚ್ಚಿನಿಂದ ಅದನ್ನು ತೆಗೆದು, ಬಳಿಕ ಸಾಬೂನು ನೀರಿನಲ್ಲಿ ಆ ಎಣ್ಣೆಯನ್ನೂ ತೊಳೆಯಬೇಕು. ತೆಂಗಿನೆಣ್ಣೆಯನ್ನು ಕೀಲಿನಲ್ಲಿ ಹಾಗೆಯೇ ಬಿಟ್ಟರೆ ಅದು ಜಿಡ್ಡುಗಟ್ಟಿ ಧೂಳು ಹಿಡಿಯುತ್ತದೆ. ಬಿಗಿಮುಷ್ಟಿಯಲ್ಲಿ ಹಿಡಿದಾಗ ಅಂಗೈಯ ಮಾಂಸ ಲಾಕನ್ನು ಒತ್ತಿ ಬಿಡಿಸದಿರಲೆಂದು ಒತ್ತುವ ಜಾಗದಲ್ಲಿ ಸಣ್ಣ ತಗ್ಗು ಮಾಡಿರುವ ಚೂರಿಗಳಿವೆ, ಅಂಥದ್ದು ಸಿಕ್ಕರೆ ಅದನ್ನೇ ಆರಿಸಿ.

ಫ್ರಾನ್ಸಿನ ಒಪಿನೆಲ್ ಚೂರಿಯ ಉಂಗುರದ ಲಾಕ್ ನನಗೆ ತುಂಬ ಮೆಚ್ಚಿನದು. ಮಾರ್ಸೆಲ್ ಒಪಿನೆಲ್ 1955ರಲ್ಲಿ ರೂಪಿಸಿದ ಈ ಉಂಗುರವನ್ನು ಕೈಯಿಂದ ತಿರುಗಿಸಿದರೆ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಈಗಿನ ಚೂರಿಗಳಲ್ಲಿ ಮುಚ್ಚಿದ ಅಲಗನ್ನೂ ಅದು ಹಾಗೆಯೇ ಬಂಧಿಸುತ್ತದೆ. ಒಳಗೆ ಅಡಗಿರುವ ಸ್ಪ್ರಿಂಗ್ ಇಲ್ಲ, ಲಾಕ್ ಬಿದ್ದಿದೆಯೇ ಇಲ್ಲವೇ ಎಂಬುದು ದೂರದಿಂದಲೇ ಕಾಣುತ್ತದೆ. ತೊಂದರೆ ಹಿಡಿಯದು. ಬೀಚ್ ಮರದ ಆ ಹಿಡಿ ನಮ್ಮ ಆಟಿಯ ಮಳೆಯಲ್ಲಿ ಉಬ್ಬಿ, ಅಲಗನ್ನು ಉಗುರಿಗೂ ಬಗ್ಗದಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಉಗುರು ಮುರಿದುಕೊಳ್ಳುವ ಬದಲು ಉಂಗುರ ಸಡಿಲಿಸಿ ಹಿಡಿಯ ಬಾಲವನ್ನು ಮರದ ಹಲಗೆಗೆ ಕುಟ್ಟಿದರೆ ಅಲಗಿನ ಮೊನೆ ತುಸು ಮೇಲೇಳುತ್ತದೆ. ಮಳೆಗಾಲಕ್ಕೆ ಮುಂಚೆ ಹಿಡಿಯನ್ನೂ ಅಲಗು ಕೂರುವ ಸೀಳನ್ನೂ ಅಗಸೆ ಎಣ್ಣೆಯಲ್ಲಿ ತೋಯಿಸಿ ಒಣಗಿಸಿಟ್ಟರೆ ಈ ಉಬ್ಬರ ಬಹಳ ಕಡಿಮೆಯಾಗುತ್ತದೆ. ಕಾರ್ಬನ್ ಉಕ್ಕಿನ ಅಲಗಿನದನ್ನು ಬಿಟ್ಟು ಸ್ಟೇನ್‌ಲೆಸ್ ಅಲಗಿನದನ್ನು ಕೊಳ್ಳುವುದು ಕರಾವಳಿಯವರಿಗೆ ಒಳಿತು.

ಬೆಂಚ್‌ಮೇಡ್ ಕಂಪನಿ 1998ರಲ್ಲಿ ತಂದ, ಈಗ ಅನೇಕರು ಮಾಡುತ್ತಿರುವ, ಅಲಗಿನ ಬುಡಕ್ಕೆ ಅಡ್ಡವಾಗಿ ಸರಳೊಂದು ಬಂದು ನಿಲ್ಲುವ ಅಡ್ಡಸರಳಿನ ಲಾಕ್ ಎರಡೂ ಕೈಗೆ ಸಮನಾಗಿ ಒದಗುತ್ತದೆ, ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರುವುದಿಲ್ಲ. ಎಡಗೈಯ ಎಲೆಕ್ಟ್ರಿಷಿಯನ್ನರಿಗೆ ನನ್ನ ಮೊದಲ ಆಯ್ಕೆ ಅದು. ಸರಳನ್ನು ತಳ್ಳುವ ಎರಡು ತಂತಿ ಸ್ಪ್ರಿಂಗುಗಳು ಬಹಳ ತೆಳು, ಮುರಿದರೆ ಚೂರಿ ಪೂರ್ತಿ ಬಿಚ್ಚಬೇಕಾಗುತ್ತದೆ.

ಮಲ್ಪೆಯ, ಮಂಗಳೂರು ದಕ್ಕೆಯ ಬೋಟಿನ ಕೆಲಸಗಾರರಿಗೆ ನಾನು ಯಾವ ಮಡಚುವ ಚೂರಿಯನ್ನೂ ಶಿಫಾರಸು ಮಾಡುವುದಿಲ್ಲ. ಒಂದು ಕೈ ಬಲೆಯ ಮೇಲಿರುವಾಗ, ಬೋಟು ಹೊಯ್ದಾಡುವಾಗ, ಬಿಗಿದ ಹಗ್ಗವನ್ನು ತಕ್ಷಣ ಕೊಯ್ಯಬೇಕಾದಾಗ ಬೇಕಾದದ್ದು ಒರೆಯಲ್ಲಿ ನಿಲ್ಲುವ, ಮೊನೆ ಮೊಂಡಾದ, ಮಡಚದ ಚೂರಿ. ಮಡಚುವುದೇ ಬೇಕೆಂದರೆ ಸಾರಜನಕ ಬೆರೆಸಿದ ಎಲ್‌ಸಿ200ಎನ್‌ನಂಥ, ಉಪ್ಪುನೀರಿಗೆ ಜಗ್ಗದ ಉಕ್ಕಿನದನ್ನು ಕೊಳ್ಳಬೇಕು. ಹೆಸರುವಾಸಿಯಾದ ಡಿ2 ಉಕ್ಕಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಅದರ ದೊಡ್ಡ ಪಾಲು ಕಾರ್ಬನ್ನಿನೊಡನೆ ಬೆಸೆದುಕೊಂಡಿರುವುದರಿಂದ ಸಮುದ್ರದ ಬಳಿ ಅದು ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಚೂರಿಯನ್ನು ನೈಲಾನ್ ಹಗ್ಗದಿಂದ ಮಣಿಕಟ್ಟಿಗೋ ಸೊಂಟಕ್ಕೋ ಕಟ್ಟಿಕೊಳ್ಳುವವರನ್ನು ನಾನು ಖಂಡಿತವಾಗಿ ತಡೆಯುತ್ತೇನೆ. ಆ ಹಗ್ಗ ಬಲೆ ಎಳೆಯುವ ವಿಂಚ್ ಯಂತ್ರಕ್ಕೆ ಸಿಕ್ಕಿದರೆ ಚೂರಿಯೊಡನೆ ಮನುಷ್ಯನನ್ನೂ ಎಳೆಯುತ್ತದೆ. ಕಟ್ಟಲೇಬೇಕೆಂದಿದ್ದರೆ ಒಂದು ಜಗ್ಗಿಗೆ ಹರಿಯುವ ಹತ್ತಿಯ ದಾರ ಸಾಕು.

ದಡಕ್ಕೆ ಬಂದ ಕೂಡಲೇ ಚೂರಿಯನ್ನು ತೆರೆದಿಟ್ಟು ಸಿಹಿನೀರಿನಲ್ಲಿ ತೊಳೆದು, ಕೀಲಿನ ನೀರನ್ನು ಊದಿ ತೆಗೆದು, ಒಣಗಿದ ಮೇಲೆ ಪಿವೊಟ್ಟಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ತೊಟ್ಟು ಬಿಡಬೇಕು. ಹಣ್ಣು ಕೊಯ್ಯುವ ಚೂರಿಗಾದರೆ ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಉತ್ತಮ. ಲೈನರ್ ಲಾಕಿನ ಪಟ್ಟಿ ಕೂರುವ ಇಳಿಜಾರಿಗೆ ಎಣ್ಣೆ ತಾಗಬಾರದು, ತಾಗಿದರೆ ಒರೆಸಿ ತೆಗೆಯಬೇಕು.

ಕಾನೂನಿನ ವಿಚಾರವನ್ನೂ ಹೇಳಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಆಯುಧವೆಂದು ಪರಿಗಣಿಸುವ ಚೂರಿಯ ಅಳತೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆಬಳಕೆ, ಕೃಷಿ, ಕೈಗಾರಿಕೆಗೆಂದು ಮಾಡಿದವುಗಳಿಗೆ ವಿನಾಯಿತಿ ಇದೆ. ಹಾಗೆಂದು ಸಣ್ಣ ಚೂರಿಯನ್ನು ಎಲ್ಲೆಂದರಲ್ಲಿ ಒಯ್ಯಬಹುದೆಂದು ತಿಳಿಯಬಾರದು. ನಿಷೇಧಾಜ್ಞೆಯ ದಿನಗಳಲ್ಲಿ ಚೂರಿ ಒಯ್ಯುವುದನ್ನೇ ತಡೆಯುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಲ್ಲಿ ಪೊಲೀಸ್ ಆಯುಕ್ತರಿಗೂ ಜಿಲ್ಲಾ ದಂಡಾಧಿಕಾರಿಗೂ ಇದೆ, ಮಂಗಳೂರಿನವರಿಗೆ ಅಂಥ ಆದೇಶಗಳು ಹೊಸತಲ್ಲ. ಆ ದಿನಗಳಲ್ಲಿ ಚೂರಿ ಮನೆಯಲ್ಲಿರಲಿ. ಬಜ್ಪೆಯಿಂದ ವಿಮಾನ ಹತ್ತುವವರು ಅದನ್ನು ಕೈಚೀಲದಲ್ಲಿಡದೆ ಲಗೇಜಿನಲ್ಲಿ ಹಾಕಬೇಕು. ಕ್ಲಿಪ್ಪಿನಿಂದ ಕಿಸೆಯ ಮೇಲೆ ಎದ್ದು ಕಾಣುವಂತೆ ಸಿಕ್ಕಿಸಿಕೊಂಡು ಪೇಟೆಯಲ್ಲೋ ಜಾತ್ರೆಯಲ್ಲೋ ತಿರುಗುವುದನ್ನು ನಾನು ಯಾವಾಗಲೂ ಬೇಡವೆನ್ನುತ್ತೇನೆ. ನೋಡಿದವರಿಗೆ ಅದರ ಉದ್ದೇಶ ತಿಳಿಯುವುದಿಲ್ಲ, ಅವರು ಹೆದರುವುದು ಸಹಜ.

ಕೊಳ್ಳಲು ಬರುವಾಗ ಕೆಲಸದ ಬಟ್ಟೆಯಲ್ಲೇ ಬನ್ನಿ. ಮುಚ್ಚಿದ ಚೂರಿಯನ್ನು ಇಡಬೇಕೆಂದಿರುವ ಜಾಗದಲ್ಲೇ ಇಟ್ಟು, ನನ್ನ ಎದುರಿನ ಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಏಳಿ, ಆಚೆ ನಿಲ್ಲಿಸಿದ ಸ್ಕೂಟರಿನ ಮೇಲೆ ಒಮ್ಮೆ ಹತ್ತಿ ಇಳಿಯಿರಿ, ಮಳೆಕೋಟು ಹಾಕಿ ತೆಗೆಯಿರಿ. ಅಷ್ಟು ಮಾಡಿದ ಮೇಲೂ ಅಲಗು ಕೂದಲೆಳೆಯಷ್ಟೂ ತೆರೆದುಕೊಳ್ಳದೆ ಅದೇ ಜಾಗದಲ್ಲಿದ್ದರೆ, ಆಮೇಲೆ ಅದರ ಲಾಕನ್ನು ಬೆಳಕಿಗೆ ಹಿಡಿದು ನೋಡೋಣ.