ಕಂಪನಿಯ ವೆಬ್‌ಸೈಟ್ ಆಮೇಲೆ, ಚಾರ್ಜ್ ಪಟ್ಟಿ ಮೊದಲು

ಕಂಪನಿಯ ಹಣದ ಸ್ಥಿತಿ ಅಳೆಯಲು ಅಂತರ್ಜಾಲದ ಮಾಹಿತಿ ಎಷ್ಟು ಉಪಯೋಗ? ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶ ತಾರಿಹಾಳದ ಒಂದು ಖಾಸಗಿ ಕಂಪನಿಯ ಲೆಕ್ಕವನ್ನು ಜೂನ್ ಕೊನೆಯಲ್ಲಿ ನೋಡಲು ಕೂತಿದ್ದೀರಿ ಅನ್ನಿ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಸಿಗುವ ಬ್ಯಾಲೆನ್ಸ್ ಶೀಟ್ ಸಾಮಾನ್ಯವಾಗಿ ಹೋದ ವರ್ಷದ ಮಾರ್ಚ್ 31ರದ್ದು, ಅಂದರೆ 15 ತಿಂಗಳು ಹಳೆಯದು. ಕಂಪನಿ ತಡ ಮಾಡಿದೆ ಎಂದಲ್ಲ, ಕಾಯ್ದೆಯೇ ಅಷ್ಟು ಸಮಯ ಕೊಟ್ಟಿದೆ. ವಾರ್ಷಿಕ ಸಭೆಗೆ ಸೆಪ್ಟೆಂಬರ್ 30ರವರೆಗೆ ಅವಕಾಶ. ಸಭೆಯಾದ 30 ದಿನದೊಳಗೆ ಲೆಕ್ಕಪತ್ರ ಸಲ್ಲಿಸುವ ಎಒಸಿ-4 ನಮೂನೆ, 60 ದಿನದೊಳಗೆ ವಾರ್ಷಿಕ ರಿಟರ್ನ್ ಆದ ಎಂಜಿಟಿ-7. ಲಿಸ್ಟೆಡ್ (ಷೇರುಪೇಟೆಯಲ್ಲಿ ನೋಂದಾಯಿತ) ಕಂಪನಿಯಾದರೆ ತ್ರೈಮಾಸಿಕ ಫಲಿತಾಂಶ 45 ದಿನದಲ್ಲಿ, ವಾರ್ಷಿಕ ಫಲಿತಾಂಶ 60 ದಿನದಲ್ಲಿ ಷೇರುಪೇಟೆಯ ತಾಣಕ್ಕೆ ಬರಲೇಬೇಕು. ಮೊದಲು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಈ ತಾರೀಖುಗಳಲ್ಲೇ ಇದೆ.

ಹೆಸರು ಹಾಕಿ ಹುಡುಕಬೇಡಿ. ಬಸವೇಶ್ವರ, ಸಿದ್ಧಾರೂಢ ಎಂದು ಶುರುವಾಗುವ ಕಂಪನಿಗಳು ನಮ್ಮ ಕಡೆ ಸಾಲುಗಟ್ಟಿ ನಿಂತಿರುತ್ತವೆ. ಕಂಪನಿಯ ಗುರುತಿನ ಸಂಖ್ಯೆಯಾದ 21 ಅಕ್ಷರಗಳ ಸಿಐಎನ್ ಹಿಡಿಯಿರಿ: ಮೊದಲ ಅಕ್ಷರ ಎಲ್ ಇದ್ದರೆ ಲಿಸ್ಟೆಡ್, ಯು ಇದ್ದರೆ ಅಲ್ಲ, ಆಮೇಲೆ ಉದ್ಯಮದ 5 ಅಂಕಿ, ರಾಜ್ಯದ ಕೆಎ, ಸ್ಥಾಪನೆಯ ವರ್ಷ, ಕಂಪನಿಯ ಬಗೆ, ಕೊನೆಗೆ ನೋಂದಣಿಯ 6 ಅಂಕಿ. ಉದ್ಯಮದ ಅಂಕಿಯನ್ನು ಪೂರ್ತಿ ನಂಬಬೇಡಿ. ಟ್ರೇಡಿಂಗ್ ಎಂದು ನೋಂದಣಿಯಾಗಿ ಇವತ್ತು ಕಾರ್ಖಾನೆ ನಡೆಸುವವರಿದ್ದಾರೆ.

ಅದೇ ಪೋರ್ಟಲ್‌ನಲ್ಲಿ ಮೊದಲು ತೆಗೆಯಬೇಕಾದದ್ದು ಚಾರ್ಜ್ ಪಟ್ಟಿ, ಅಂದರೆ ಕಂಪನಿಯ ಆಸ್ತಿಯ ಮೇಲೆ ಸಾಲ ಕೊಟ್ಟವರಿಗಿರುವ ಹಕ್ಕುಗಳ ಪಟ್ಟಿ. ಆಸ್ತಿ ಅಡವಿಟ್ಟು ಸಾಲ ಪಡೆದರೆ 30 ದಿನದೊಳಗೆ ಅದನ್ನು ನೋಂದಾಯಿಸುವ ಸಿಎಚ್‌ಜಿ-1 ನಮೂನೆ ಸಲ್ಲಿಸಬೇಕು, ಹಾಗಾಗಿ ಬ್ಯಾಲೆನ್ಸ್ ಶೀಟ್‌ಗಿಂತ ಇದು ತಾಜಾ. ಬ್ಯಾಂಕ್ ಕೊಟ್ಟ ಸಾಲದ ಮಿತಿ 2 ಕೋಟಿಯಿಂದ 3.5ಕ್ಕೆ, ಅಲ್ಲಿಂದ 5ಕ್ಕೆ ಏರಿದೆ, ವಹಿವಾಟು ಮಾತ್ರ ಇದ್ದಲ್ಲೇ ಇದೆ ಎಂದರೆ ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳಬೇಕು. ಎಡವುವುದು ಎರಡು ಕಡೆ. ಪಟ್ಟಿಯಲ್ಲಿರುವುದು ಮಂಜೂರಾದ ಮೊತ್ತ, ಬಾಕಿ ಅಲ್ಲ. ಸಾಲ ತೀರಿದರೂ ಅದನ್ನು ತಿಳಿಸುವ ಸಿಎಚ್‌ಜಿ-4 ಸಲ್ಲಿಸದಿದ್ದರೆ ಹಳೇ ಚಾರ್ಜ್ ಅಲ್ಲೇ ಕೂತಿರುತ್ತದೆ. ಇನ್ನು ನಿರ್ದೇಶಕರ ಕೈಗಡ ಈ ಪಟ್ಟಿಗೆ ಬರುವುದೇ ಇಲ್ಲ.

ಎಒಸಿ-4ರ ಪೂರ್ತಿ ಕಡತ ನೋಡಲು 100 ರೂಪಾಯಿ ಶುಲ್ಕ. ಲಾಭ-ನಷ್ಟದ ಪುಟಕ್ಕೆ ಹಾರಬೇಡಿ, ಆಡಿಟರ್ ವರದಿಗೆ ಕ್ಯಾರೋ ಅನುಬಂಧ (ಯಾವ ವಿಷಯಗಳ ಬಗ್ಗೆ ಆಡಿಟರ್ ಹೇಳಲೇಬೇಕು ಎಂಬ ಸರ್ಕಾರಿ ಆದೇಶದಂತೆ ಬರೆದದ್ದು) ಅಂಟಿಸಿದ್ದರೆ ಅದನ್ನು ತೆಗೆಯಿರಿ, ಸಣ್ಣ ಕಂಪನಿಗಳಿಗೆ ಇದು ಕಡ್ಡಾಯವಲ್ಲ. ದುಡಿಮೆ ಬಂಡವಾಳಕ್ಕೆ, ಅಂದರೆ ದಿನನಿತ್ಯದ ವ್ಯವಹಾರಕ್ಕೆ, ಪಡೆದ ಬ್ಯಾಂಕ್ ಸಾಲದ ಮಿತಿ 5 ಕೋಟಿ ದಾಟಿದ್ದರೆ, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ (ದಾಸ್ತಾನಿನ ವಿವರ) ಲೆಕ್ಕದ ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ಆಡಿಟರ್ ಅಲ್ಲಿ ಹೇಳಲೇಬೇಕು. ಇಡೀ ಕಡತದಲ್ಲಿ ಇಷ್ಟು ಬೆಲೆಬಾಳುವ ಸಾಲು ಇನ್ನೊಂದು ಸಿಗುವುದು ಅಪರೂಪ. ಟಿಪ್ಪಣಿಗಳಲ್ಲಿ ಬರಬೇಕಾದ ಬಾಕಿಯ ವಯಸ್ಸಿನ ಪಟ್ಟಿ ಇರುತ್ತದೆ. ಮೂರು ವರ್ಷ ದಾಟಿದ ಕಾಲಂ ವರ್ಷ ವರ್ಷ ದಪ್ಪವಾಗುತ್ತಿದ್ದರೆ ಆ ಲಾಭ ಬರೀ ಕಾಗದದ್ದು.

ಸಿದ್ಧ ಅನುಪಾತ ಕೊಡುವ ತಾಣಗಳಿಂದ ಸಮಯ ಉಳಿಯುತ್ತದೆ, ಸರಿ. ಆದರೆ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರವನ್ನು ಅವು ಓದುವ ರೀತಿ ನೋಡಿ. ವರ್ಷಕ್ಕೆ ಮಾರಿದ ಮಾಲಿನ ಖರೀದಿ ವೆಚ್ಚ 24 ಕೋಟಿ, ಮಾರ್ಚ್ 31ರ ದಾಸ್ತಾನು 10 ಕೋಟಿ ಎಂದುಕೊಳ್ಳಿ. ತಾಣ 152 ದಿನದ ದಾಸ್ತಾನು ಎನ್ನುತ್ತದೆ, ಕೆಂಪು ಬಣ್ಣವನ್ನೂ ಬಳಿಯುತ್ತದೆ. ಮಾರ್ಚ್ ಎಂದರೆ ಆವಕದ ಭರಾಟೆ ಮುಗಿದಿರದ ಹೊತ್ತು, ಕೋಲ್ಡ್ ಸ್ಟೋರೇಜ್ ತುಂಬುವ ತಿಂಗಳು. ಹನ್ನೆರಡು ತಿಂಗಳ ಸರಾಸರಿ ದಾಸ್ತಾನು 4 ಕೋಟಿ ಇದ್ದರೆ ನಿಜವಾದ ಲೆಕ್ಕ 61 ದಿನ. ಆ ಸರಾಸರಿ ಯಾವ ತಾಣದಲ್ಲೂ ಸಿಗದು, ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೇಳಿ ಪಡೆಯಬೇಕು.

ಲಿಸ್ಟೆಡ್ ಕಂಪನಿಯಲ್ಲೂ ಹೀಗೇ. ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್ 2022-23ರಲ್ಲಿ ಬಸ್ ವ್ಯವಹಾರವನ್ನು ಮಾರಿ ಸರಕು ಸಾಗಣೆಗೆ ನಿಂತಿತು. ಇಂಥ ಮಾರಾಟವಾದಾಗ ವಾರ್ಷಿಕ ವರದಿಯಲ್ಲಿ ಆ ವಿಭಾಗ ‘ನಿಲ್ಲಿಸಿದ ವ್ಯವಹಾರ’ ಎಂದು ಬೇರೆಯಾಗಿ, ಹಿಂದಿನ ಒಂದು ವರ್ಷದ ಅಂಕಿಯೂ ತಿದ್ದಿ ಬರುತ್ತದೆ. ಹತ್ತು ವರ್ಷದ ಅಂಕಿಗಳನ್ನು ತಾಣದಿಂದ ಎಕ್ಸೆಲ್‌ಗೆ ಇಳಿಸಿಕೊಂಡವರಿಗೆ ಹಳೇ ವರ್ಷಗಳಲ್ಲಿ ಬಸ್ಸಿನ ಆದಾಯವೂ ಸೇರಿ, ಹೊಸ ವರ್ಷಗಳಲ್ಲಿ ಸೇರದೆ ಬರುವ ಸಾಧ್ಯತೆ ಇದೆ. ಬೆಳವಣಿಗೆ ದರ ತೆಗೆಯುವ ಮುಂಚೆ ಆ ವರ್ಷದ ವರದಿ ಬಿಚ್ಚಿ ಎರಡೂ ಅಂಕಿ ತಾಳೆ ನೋಡಬೇಕು.

ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ರೇಟಿಂಗ್ ಏಜೆನ್ಸಿಗಳ ಪ್ರಕಟಣೆ ಉಚಿತ. ‘ಇಶ್ಯೂಯರ್ ನಾಟ್ ಕೋಆಪರೇಟಿಂಗ್’ ಎಂಬ ಮಾತು ಕಂಡರೆ, ಕಂಪನಿ ಮಾಹಿತಿ ಕೊಡುತ್ತಿಲ್ಲ, ಅಕ್ಷರದ ದರ್ಜೆ ಏನೇ ಇದ್ದರೂ ಅದಕ್ಕೆ ಹಿಂದಿನ ತೂಕ ಇಲ್ಲ ಎಂದು ತಿಳಿಯಿರಿ.

ಗದಗ, ಹಾವೇರಿಯ ದಲಾಲಿ ಅಂಗಡಿಗಳಲ್ಲಿ ಬಹಳಷ್ಟು ಪಾಲುದಾರಿಕೆ ಇಲ್ಲವೇ ಒಬ್ಬರ ಮಾಲೀಕತ್ವದವು. ಅವು ಎಂಸಿಎಯಲ್ಲಿ ಇಲ್ಲ. ಅಲ್ಲಿ ಕೈಗೆ ಸಿಗುವುದು ಜಿಎಸ್‌ಟಿ ಪೋರ್ಟಲ್‌ನ ಹುಡುಕಾಟ. 29ರಿಂದ ಶುರುವಾಗುವ 15 ಅಕ್ಷರಗಳ ಸಂಖ್ಯೆ ಹಾಕಿದರೆ ರಿಟರ್ನ್ ತುಂಬಿದ ತಾರೀಖುಗಳು ಬರುತ್ತವೆ, ಮೊತ್ತ ಬರುವುದಿಲ್ಲ. ತಿಂಗಳ 3ಬಿಗೆ (ತೆರಿಗೆ ಕಟ್ಟಿ ತುಂಬುವ ಸಾರಾಂಶ ರಿಟರ್ನ್) ಗಡುವು 20ನೇ ತಾರೀಖು, ಮೂರು ತಿಂಗಳಿಗೊಮ್ಮೆ ತುಂಬುವವರಿಗೆ ಕರ್ನಾಟಕದಲ್ಲಿ 22. ತೆರಿಗೆ ಕಟ್ಟದೆ 3ಬಿ ಸಲ್ಲಿಕೆಯಾಗದು. ವರ್ಷಗಟ್ಟಲೆ 18-19ಕ್ಕೇ ತುಂಬುತ್ತಿದ್ದವರು ಈಚೆಗೆ ಮುಂದಿನ ತಿಂಗಳ 5, 10 ಎಂದು ಜಾರುತ್ತಿದ್ದರೆ ರೊಕ್ಕದ ಬಿಗಿ ಅಲ್ಲೇ ಕಾಣುತ್ತದೆ, ಅವರ ಬ್ಯಾಲೆನ್ಸ್ ಶೀಟ್ ಬರುವ ಎಷ್ಟೋ ತಿಂಗಳು ಮುಂಚೆ.